ಕಮಾನಿನ ಸುತ್ತಿನ ಅಂಚುಪಟ್ಟಿ: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆ ಕಟ್ಟಿಸುವವರು, ಹಳೆಯ ಮನೆ ರಿಪೇರಿ ಮಾಡಿಸುವವರು, ಗಾರೆ ಕೆಲಸ ಕಲಿಯುತ್ತಿರುವ ಹುಡುಗರು, ಕೋಟೆ-ಮಸೀದಿ-ಚರ್ಚು ನೋಡಿ ಬಂದವರು ಕೇಳುವ ಪ್ರಶ್ನೆಗಳಿವು. ಲೆಕ್ಕಗಳಿಗೆಲ್ಲ ಒಂದೇ ಉದಾಹರಣೆ ಹಿಡಿದಿದ್ದೇವೆ: 1200 ಮಿ.ಮೀ. ಅಗಲದ, ಅಂದರೆ ಹೆಚ್ಚುಕಡಿಮೆ 4 ಅಡಿಯ ಬಾಗಿಲು. ಬೇರೆ ಹೇಳದ ಕಡೆ ಕಮಾನು ಅರ್ಧವೃತ್ತ, ತ್ರಿಜ್ಯ 600.

## ಮೊದಲ ಪರಿಚಯ

ಮೇಸ್ತ್ರಿ ‘ಬಾರ್ಡರ್’ ಅಂತಾರೆ, ಇಂಜಿನಿಯರ್ ‘ಮೋಲ್ಡಿಂಗ್’ ಅಂತಾರೆ, ಡ್ರಾಯಿಂಗಲ್ಲಿ ‘ಆರ್ಕಿವೋಲ್ಟ್’ ಅಂತ ಬರೆದಿದೆ. ಮೂರೂ ಒಂದೇನಾ?

ಬಹುತೇಕ ಒಂದೇ. ಕಮಾನಿನ ಮುಖದ ಮೇಲೆ, ಅದರ ಬಾಗನ್ನೇ ಅನುಸರಿಸಿ ಹೋಗುವ ಉಬ್ಬುಪಟ್ಟಿಗೆ ಆರ್ಕಿವೋಲ್ಟ್ ಎನ್ನುತ್ತಾರೆ. ಮೋಲ್ಡಿಂಗ್ ಅನ್ನುವುದು ಎಲ್ಲ ಬಗೆಯ ಉಬ್ಬುಪಟ್ಟಿಗೂ ಸಲ್ಲುವ ಮಾತು. ಸೂರಿನ ಕೆಳಗಿನದಕ್ಕೂ ಅದೇ ಹೆಸರು. ಬೇರೆಯಾಗಿ ತಿಳಿದಿರಬೇಕಾದದ್ದು ‘ಹುಡ್ ಮೋಲ್ಡ್’. ಅದು ಪಟ್ಟಿಯ ಹೊರ ಅಂಚಿನಲ್ಲಿ ಇನ್ನಷ್ಟು ಮುಂದೆ ಚಾಚಿ, ಮಳೆನೀರನ್ನು ಬಾಗಿಲಿಂದ ಆಚೆ ಸಾಗಿಸುವ ಸಣ್ಣ ಸಜ್ಜಾ ಇದ್ದ ಹಾಗೆ.

ಈ ಪುಟದಲ್ಲಿ ಬರುವ ಇನ್ನು ಕೆಲವು ಮಾತುಗಳು: ಬಾಗು ಶುರುವಾಗುವ ಜಾಗ ಕಮಾನಿನ ಬುಡ, ತುತ್ತತುದಿ ನೆತ್ತಿ, ಬಾಗಿನ ಎರಡು ಬದಿಯ ತ್ರಿಕೋನದ ಗೋಡೆ ಹೆಗಲು, ನೆತ್ತಿಯಲ್ಲಿ ಕೂರುವ ಕಲ್ಲು ಬೀಗದಕಲ್ಲು.

ಇದು ಬರೀ ಶೋಕಿನಾ, ಏನಾದ್ರೂ ಉಪಯೋಗ ಇದೆಯಾ?

ಭಾರ ಹೊರುವುದು ಹಿಂದಿರುವ ಕಮಾನು, ಪಟ್ಟಿಯಲ್ಲ. ಗಾರೆಯ ಪಟ್ಟಿ ಪೂರ್ತಿ ಬಿದ್ದರೂ ಕಮಾನಿಗೆ ಏನೂ ಆಗದು. ಆದರೆ ಸರಿಯಾಗಿ ಮಾಡಿದ ಪಟ್ಟಿ ನೀರನ್ನು ಪಕ್ಕಕ್ಕೆ ತಿರುಗಿಸುತ್ತದೆ, ಕಮಾನಿನ ಇಟ್ಟಿಗೆಗೂ ಗೋಡೆಯ ಇಟ್ಟಿಗೆಗೂ ನಡುವಿನ ಕೂಡುಗೆರೆಯನ್ನು ಮುಚ್ಚುತ್ತದೆ. ಕಲ್ಲಿನ ಕಟ್ಟಡದಲ್ಲಿ ಮಾತು ಬೇರೆ. ಅಲ್ಲಿ ಕಮಾನುಕಲ್ಲಿನ ಮುಖದಲ್ಲೇ ಪಟ್ಟಿ ಕೆತ್ತಿರುವುದರಿಂದ ಅಲಂಕಾರವೂ ಆಧಾರವೂ ಒಂದೇ ಕಲ್ಲು.

ನಮ್ಮ ದೇವಸ್ಥಾನದ ಮಕರತೋರಣ, ದೇವರ ಹಿಂದಿನ ಪ್ರಭಾವಳಿ ಇದೇ ಅಲ್ವಾ?

ಕಣ್ಣಿಗೆ ಹತ್ತಿರ, ಕಟ್ಟಡದ ಲೆಕ್ಕದಲ್ಲಿ ದೂರ. ಹೊಯ್ಸಳ ಗುಡಿಗಳಲ್ಲಿ ಬಾಗಿಲ ಭಾರ ಹೊರುವುದು ಅಡ್ಡತೊಲೆ. ಮಕರತೋರಣ ಅದರ ಮೇಲೋ ವಿಗ್ರಹದ ತಲೆಯ ಮೇಲೋ ಕೆತ್ತಿದ ಬಾಗು, ಅದರ ಹಿಂದೆ ಕಮಾನೇ ಇಲ್ಲ. ಆದರೂ ಅಲಂಕಾರದ ವ್ಯಾಕರಣ ಒಂದೇ: ಎರಡು ಬುಡಕ್ಕೆ ಎರಡು ಮಕರ, ನೆತ್ತಿಗೆ ಕೀರ್ತಿಮುಖ, ನಡುವೆ ಬಳ್ಳಿ. ಬಾಗುವ ಗೆರೆಗೆ ಬುಡದಲ್ಲೂ ನೆತ್ತಿಯಲ್ಲೂ ಕಣ್ಣು ನಿಲ್ಲಲು ಒಂದು ತಾಣ ಬೇಕು. ಯುರೋಪಿನವರು ಅದನ್ನು ಬೀಗದಕಲ್ಲಿನಿಂದ ಮಾಡಿದರು, ನಮ್ಮವರು ಕೀರ್ತಿಮುಖದಿಂದ ಮಾಡಿದರು.

ಹಳೇ ಚರ್ಚಿನ ಬಾಗಿಲಲ್ಲಿ ಒಂದರೊಳಗೊಂದು ನಾಲ್ಕೈದು ಕಮಾನು ಇರುತ್ತಲ್ಲ, ಅದ್ಯಾಕೆ?

ಗೋಡೆ ತುಂಬಾ ದಪ್ಪ ಇದ್ದದ್ದಕ್ಕೆ. ಅಷ್ಟು ದಪ್ಪದ ಗೋಡೆಗೆ ಒಂದೇ ಕಮಾನು ಕಟ್ಟಬೇಕೆಂದರೆ ಭಾರಿ ಮರದ ಸೆಂಟರಿಂಗ್ ಬೇಕು. ಒಳಗೊಂದು ಕಿರಿದು, ಅದರ ಮೇಲೆ ಮುಂದಕ್ಕೆ ಇನ್ನೊಂದು ಹಿರಿದು ಎಂದು ಉಂಗುರಗಳಾಗಿ ಕಟ್ಟಿದರೆ ಮೊದಲ ಉಂಗುರವೇ ಮುಂದಿನದಕ್ಕೆ ಒರಗು ಕೊಡುತ್ತದೆ. ಹಾಗೆ ಸಿಕ್ಕ ಮೆಟ್ಟಿಲುಮೆಟ್ಟಿಲು ಅಂಚುಗಳನ್ನು ಶಿಲ್ಪಿಗಳು ಖಾಲಿ ಬಿಡಲಿಲ್ಲ. 1093ರಲ್ಲಿ ಶುರುವಾದ ಇಂಗ್ಲೆಂಡಿನ ಡರ್ಹಮ್ ಕೆಥೆಡ್ರಲ್‌ನಲ್ಲಿ ಹಾವಿನ ನಡಿಗೆಯಂಥ ಅಂಕುಡೊಂಕು ಪಟ್ಟಿ ಇದೆ. ಫ್ರಾನ್ಸಿನ ಶಾರ್ಟ್ರ್ ಕೆಥೆಡ್ರಲ್‌ನ ಪಶ್ಚಿಮ ಬಾಗಿಲುಗಳು 12ನೇ ಶತಮಾನದ ಮಧ್ಯಭಾಗದವು. ಅವುಗಳಲ್ಲಿ ಒಂದರ ಪಟ್ಟಿಯಲ್ಲಿ ರಾಶಿಗಳೂ ತಿಂಗಳುಗಳ ಬೇಸಾಯದ ಕೆಲಸಗಳೂ, ಇನ್ನೊಂದರಲ್ಲಿ ವ್ಯಾಕರಣ, ಗಣಿತ, ಸಂಗೀತ ಮೊದಲಾದ ಏಳು ವಿದ್ಯೆಗಳೂ ಕುಳಿತಿವೆ. ಹತ್ತಿರದಿಂದ ನೋಡಿದರೆ ಕೆಲಸದ ಗುಟ್ಟು ಬಿಡುತ್ತದೆ: ಸಾಮಾನ್ಯವಾಗಿ ಒಂದು ಕಮಾನುಕಲ್ಲಿಗೆ ಒಂದು ಗೊಂಬೆ. ನೆಲದ ಮೇಲೇ ಕೆತ್ತಿ ಮುಗಿಸಿ, ಆಮೇಲೆ ಏರಿಸಿ ಕೂರಿಸಿದ್ದು.

ವಿಜಯಪುರ, ಹಂಪಿ, ಬೀದರ್ ಕಡೆ ಹೋದ್ರೆ ಏನು ಗಮನಿಸಬೇಕು?

ಹಂಪಿಯ ಕಮಲ ಮಹಲಿನಲ್ಲಿ ಎಸಳೆಸಳಾದ ಕಮಾನುಗಳು ಪದರಪದರವಾಗಿ ಹಿಂದೆ ಸರಿಯುತ್ತವೆ. ಸುತ್ತ ಗಾರೆಯ ಬಳ್ಳಿ, ಹಕ್ಕಿ, ನೆತ್ತಿಯಲ್ಲಿ ಕೀರ್ತಿಮುಖ. ಸುಲ್ತಾನರ ಕಡೆಯ ಕಮಾನು, ಗುಡಿಯ ಕಡೆಯ ಅಲಂಕಾರ. ಬೆಳಗಿನ ಇಲ್ಲವೇ ಸಂಜೆಯ ಓರೆ ಬಿಸಿಲಲ್ಲಿ ನೋಡಿ, ನಡುಮಧ್ಯಾಹ್ನ ಗಾರೆಯ ಉಬ್ಬು ಚಪ್ಪಟೆಯಾಗಿಬಿಡುತ್ತದೆ.

ವಿಜಯಪುರದಲ್ಲಿ ಪಟ್ಟಿಗಿಂತ ಹೆಗಲು ನೋಡಿ. ಬಾಗಿದ ಸಣ್ಣ ಆಧಾರದ ಮೇಲೆ ಒಂದು ದುಂಡು ಬಿಲ್ಲೆ ನಿಲ್ಲಿಸುವುದು ಆ ಊರಿನ ಗುರುತು; ಕಮಾನಿನ ಎಡಬಲಕ್ಕೆ ಜೋಡಿಯಾಗಿ ಬರುತ್ತದೆ. ಜಾಮಿಯಾ ಮಸೀದಿಯ ಮಿಹ್ರಾಬಿಗೆ (ಪ್ರಾರ್ಥನೆಯ ದಿಕ್ಕು ತೋರುವ ಗೋಡೆಯ ಗೂಡಿಗೆ) 1636ರಲ್ಲಿ ಮುಹಮ್ಮದ್ ಆದಿಲ್ ಶಾಹನ ಕಾಲದಲ್ಲಿ ಬಣ್ಣ-ಚಿನ್ನದ ಕೆಲಸವಾಯಿತು. ಬೀದರಿನ ರಂಗೀನ್ ಮಹಲಿನಲ್ಲಿ ಪಟ್ಟಿ ಉಬ್ಬುವುದೇ ಇಲ್ಲ, ನುಣುಪಾದ ಕಪ್ಪುಕಲ್ಲಿನಲ್ಲಿ ಮುತ್ತಿನಚಿಪ್ಪು ಕೂರಿಸಿದ್ದಾರೆ. ದೆಹಲಿಗೆ ಹೋದರೆ 1311ರ ಅಲಾಯಿ ದರ್ವಾಜಾದಲ್ಲಿ ಕಮಾನಿನ ಒಳ ಅಂಚಿಗೆ ತೂಗುಬಿಟ್ಟ ಕಲ್ಲಿನ ಮೊಗ್ಗಿನ ಸಾಲು ನೋಡಲು ಮರೆಯಬೇಡಿ.

## ಅಳತೆ ಮತ್ತು ಗೆರೆ

4 ಅಡಿ ಬಾಗಿಲಿಗೆ ಪಟ್ಟಿ ಎಷ್ಟು ಅಗಲ ಇರಬೇಕು?

ಯುರೋಪಿನ ಶಾಸ್ತ್ರೀಯ ಶೈಲಿಯಲ್ಲಿ ಬಾಗಿಲಗಲದ ಎಂಟನೇ ಒಂದರಿಂದ ಹತ್ತನೇ ಒಂದು ಪಾಲು. ಅಂದರೆ 1200 ಮಿ.ಮೀ.ಗೆ 120ರಿಂದ 150. ಬುಡದಲ್ಲಿ ಕಂಬದ ಮೇಲೆ ಅಡ್ಡ ಹೋಗುವ ಪಟ್ಟಿಯ ಎತ್ತರ ಏಳನೇ ಒಂದಕ್ಕಿಂತ ಹೆಚ್ಚಿರಬಾರದು, ಒಂಬತ್ತನೇ ಒಂದಕ್ಕಿಂತ ಕಡಿಮೆಯೂ ಇರಬಾರದು. ಗೋಡೆಯಿಂದ ಮುಂದೆ ಎಷ್ಟು ಬರಬೇಕು ಅನ್ನುವುದಕ್ಕೆ ಶಾಸ್ತ್ರಕ್ಕಿಂತ ಕಣ್ಣೇ ಮೇಲು. ಸಾದಾ ಮನೆಗೆ 40 ಮಿ.ಮೀ. ಸಾಕು. ಈಚೆಗೆ 3 ಅಡಿ ಕಿಟಕಿಗೆ 9 ಇಂಚಿನ ಪಟ್ಟಿ ಬಡಿಯುವುದು ನಡೆದಿದೆ. ಕಿಟಕಿ ಕಂಬಳಿ ಹೊದ್ದು ಕೂತ ಹಾಗೆ ಕಾಣುತ್ತದೆ.

ನಮ್ಮದು ಅರ್ಧವೃತ್ತ ಅಲ್ಲ, ಸ್ವಲ್ಪ ಬಾಗಿದ ಚಪ್ಪಟೆ ಕಮಾನು. ಕೇಂದ್ರ ಎಲ್ಲಿ ಹಿಡಿಯೋದು?

ಎರಡು ಅಳತೆ ತೆಗೆದುಕೊಳ್ಳಿ: ಬುಡದಿಂದ ಬುಡಕ್ಕೆ ಅಗಲ, ಬುಡದ ಗೆರೆಯಿಂದ ನೆತ್ತಿಗೆ ಎತ್ತರ. ಅಗಲದ ಅರ್ಧದ ವರ್ಗಕ್ಕೆ ಎತ್ತರದ ವರ್ಗ ಕೂಡಿ. ಬಂದದ್ದನ್ನು ಎತ್ತರದ ಎರಡರಷ್ಟರಿಂದ ಭಾಗಿಸಿ. ಅದೇ ತ್ರಿಜ್ಯ.

ಅಗಲ 1200, ಎತ್ತರ 200 ಇದ್ದರೆ: 600ರ ವರ್ಗ 3,60,000, 200ರ ವರ್ಗ 40,000, ಒಟ್ಟು 4,00,000. ಅದನ್ನು 400ರಿಂದ ಭಾಗಿಸಿದರೆ 1000 ಮಿ.ಮೀ. ಕೇಂದ್ರ ನೆತ್ತಿಯಿಂದ 1000 ಕೆಳಗೆ, ಅಂದರೆ ಬುಡದ ಗೆರೆಯಿಂದ 800 ಕೆಳಗೆ, ಬಾಗಿಲಿನ ನಟ್ಟನಡುವೆ. ಕೈವಾರದ ಕೋಲಿನ ಮೊಳೆ ಹೊಡೆಯುವ ಅಡ್ಡ ಹಲಗೆಯನ್ನು (ವಿವರ ಮುಂದೆ ‘ಕೈ ಕೆಲಸ’ದಲ್ಲಿದೆ) ಅಲ್ಲಿಗೆ ಬಿಗಿಯಬೇಕು. ಬುಡದ ಗೆರೆಯ ಮಧ್ಯಕ್ಕೇ ಮೊಳೆ ಹೊಡೆದು ಕೋಲು ತಿರುಗಿಸಿದರೆ ಪಟ್ಟಿ ಕಮಾನನ್ನು ಬಿಟ್ಟು ತನ್ನದೇ ದಾರಿ ಹಿಡಿಯುತ್ತದೆ. ಈ ಕೆಲಸದಲ್ಲಿ ಆಗುವ ತಪ್ಪುಗಳ ಪೈಕಿ ಅತಿ ಸಾಮಾನ್ಯವಾದದ್ದು ಇದು.

ಚೂಪು ಕಮಾನು ಮಾಡಿಸಿದ್ವಿ. ಪಟ್ಟಿ ಎಲ್ಲ ಕಡೆ 6 ಇಂಚು, ತುದೀಲಿ ಮಾತ್ರ ದಪ್ಪ ಬಂದಿದೆ. ಮೇಸ್ತ್ರಿ ತಪ್ಪು ತಾನೆ?

ಅಲ್ಲ, ಹಾಗೇ ಬರಬೇಕು. ಚೂಪು ಕಮಾನಿನ ಎಡಬಾಗಿಗೆ ಬಲಬುಡವೂ ಬಲಬಾಗಿಗೆ ಎಡಬುಡವೂ ಕೇಂದ್ರ ಎಂದಿಟ್ಟುಕೊಳ್ಳಿ. ಒಳಗೆರೆಯ ತ್ರಿಜ್ಯ 1200, ನೆತ್ತಿಯ ಎತ್ತರ 1039 ಮಿ.ಮೀ. ಹೊರಗೆರೆಗೆ ಕೇಂದ್ರ ಅದೇ, ತ್ರಿಜ್ಯ 1350. ಅದರ ನೆತ್ತಿ 1209. ನಡುವೆ ಉಳಿದದ್ದು 170. ಅಂದರೆ 150ರ ಪಟ್ಟಿ ತುದಿಯಲ್ಲಿ ನೆಟ್ಟಗೆ ಅಳೆದರೆ 20 ಮಿ.ಮೀ. ಹೆಚ್ಚು ಬರಲೇಬೇಕು. ‘ಸರಿಮಾಡಿ’ ಎಂದು ಹಟ ಹಿಡಿದು ತುದಿಯನ್ನು ಕೆರೆಸಿದವರ ಕಮಾನು ತಲೆಗೆ ಮೊಟಕಿಸಿಕೊಂಡಂತೆ ಕಾಣುತ್ತದೆ.

ದಖ್ಖನಿ ಶೈಲಿಯ ನಾಲ್ಕು ಕೇಂದ್ರದ ಕಮಾನಿಗೆ (ಎರಡು ಬದಿಗೂ ಬುಡದಲ್ಲಿ ಒಂದು ಕಿರಿಯ ಬಾಗು, ಮೇಲೆ ಒಂದು ಹಿರಿಯ ಬಾಗು) ಒಂದು ಎಚ್ಚರಿಕೆ. ಕಿರಿಯ ಬಾಗು ಮುಗಿದು ಹಿರಿಯ ಬಾಗು ಶುರುವಾಗುವ ಬಿಂದು, ಕಿರಿಯ ಕೇಂದ್ರ, ಹಿರಿಯ ಕೇಂದ್ರ ಮೂರೂ ಒಂದೇ ನೇರಗೆರೆಯಲ್ಲಿರಬೇಕು. ದಾರ ಎಳೆದು ನೋಡಿ. ತಪ್ಪಿದ್ದರೆ ಆ ಜಾಗದಲ್ಲಿ ಮೊಣಕೈ ಮಡಿಸಿದ ಹಾಗೆ ಒಂದು ಮುರಿವು ಕಾಣುತ್ತದೆ, ಯಾವ ಪುಟ್ಟಿಯೂ ಅದನ್ನು ಮುಚ್ಚದು.

ಗಾರೆಯಲ್ಲಿ ಕಲ್ಲಿನ ಗೆರೆ ಕೊರೆಸ್ತೀವಿ. ಎಷ್ಟು ಕಲ್ಲು ತೋರಿಸಬೇಕು?

ಬೀಗದಕಲ್ಲು ಬೇಕಿದ್ದರೆ ಬೆಸಸಂಖ್ಯೆ. ನಮ್ಮ ಅರ್ಧವೃತ್ತದ ಒಳಗೆರೆ 1885 ಮಿ.ಮೀ. ಉದ್ದ. 13 ಕಲ್ಲು ಮಾಡಿದರೆ ಒಂದೊಂದರ ಬುಡ 145 ಆಗುತ್ತದೆ, 150ರ ಪಟ್ಟಿಗೆ ಚೆನ್ನಾಗಿ ಹೊಂದುತ್ತದೆ. ಬೀಗದಕಲ್ಲಿನ ಬುಡ ಪಟ್ಟಿಯ ಅಗಲದಷ್ಟೇ ಇರಬೇಕು, ಉದ್ದ ಅದರ ಒಂದೂವರೆಯಿಂದ ಎರಡರಷ್ಟು ಎಂಬುದು ಹಳೆಯ ನಿಯಮ. ಹಾಗಾಗಿ ಅದು ಪಟ್ಟಿಯ ಮೇಲೆ 75 ಮಿ.ಮೀ. ಆದರೂ ತಲೆ ಎತ್ತಿರುತ್ತದೆ. ಗೆರೆಗಳೆಲ್ಲ ಕೇಂದ್ರದ ಮೊಳೆಗೆ ಕಟ್ಟಿದ ದಾರ ಹಿಡಿದೇ ಬೀಳಬೇಕು, ಕಣ್ಣಳತೆಯಲ್ಲಲ್ಲ.

## ಕೈ ಕೆಲಸ

ಬಾಗಿದ ಪಟ್ಟಿಯನ್ನ ಅಷ್ಟು ನುಣುಪಾಗಿ ಎಳೆಯೋದು ಹೇಗೆ? ನಮ್ಮ ಕಡೆ ಕರಣೆಯಲ್ಲೇ ಕೆತ್ತುತ್ತಾರೆ, ಏರುಪೇರು ಬರುತ್ತೆ.

ಕರಣೆಯಿಂದ ಸಾಧ್ಯವಿಲ್ಲ. ಅಚ್ಚು ತಗಡನ್ನು ಕೈವಾರದ ಕೋಲಿಗೆ ಕಟ್ಟಿ ತಿರುಗಿಸಬೇಕು.

ಮೊದಲು ಹಲಗೆ. ಬಾಗಿಲ ಎರಡು ಪಕ್ಕಕ್ಕೂ ಬೆಣೆ ಹೊಡೆದು, ಕೇಂದ್ರ ಬರುವ ಎತ್ತರಕ್ಕೆ ಒಂದು ಅಡ್ಡ ಹಲಗೆ ಬಿಗಿಯಿರಿ. ಹಲಗೆಯ ಮುಖ ಗೋಡೆಯ ಮುಖದ ಸಮಕ್ಕಿರಲಿ. ರಸಮಟ್ಟ ಇಟ್ಟು ನೋಡಿ, ಕೇಂದ್ರಕ್ಕೆ 2 ಇಂಚಿನ ಮೊಳೆ ಹೊಡೆಯಿರಿ. ಕೈಯಿಂದ ಅಲ್ಲಾಡಿಸಿದರೆ ಹಲಗೆ ಜಗ್ಗಬಾರದು. ಅಲ್ಲಿ 2 ಮಿ.ಮೀ. ಅಲ್ಲಾಡಿದರೆ ಪಟ್ಟಿಯ ಮೇಲೆ ಅಲೆ ಏಳುತ್ತದೆ.

ಮೊಳೆಗೆ ದಾರ ಕಟ್ಟಿ ಈಗಿರುವ ಕಮಾನನ್ನು ಪರೀಕ್ಷಿಸಿ. ಎಲ್ಲಾದರೂ 5-6 ಮಿ.ಮೀ.ಗಿಂತ ಹೆಚ್ಚು ತಪ್ಪಿದ್ದರೆ ಕಮಾನಿನ ಒಳಮೈ ಗಾರೆಯನ್ನು ಮೊದಲು ತಿದ್ದಿಕೊಳ್ಳಿ.

ಅಚ್ಚಿಗೆ 1ರಿಂದ 1.5 ಮಿ.ಮೀ. ದಪ್ಪದ ಜಿಐ (ಸತು ಲೇಪಿಸಿದ ಕಬ್ಬಿಣ) ಅಥವಾ ಹಿತ್ತಾಳೆ ತಗಡು. ಪಟ್ಟಿಯ ಅಡ್ಡಕೊಯ್ತವನ್ನು (ಅಡ್ಡ ಕತ್ತರಿಸಿದರೆ ಕಾಣುವ ಆಕಾರ) ನಿಜ ಅಳತೆಯಲ್ಲಿ ಬರೆದು ಕತ್ತರಿಸಿ, ಅರದಿಂದ ಉಜ್ಜಿ. ಬೆರಳು ಆಡಿಸಿದರೆ ಒಂದು ಮುಳ್ಳೂ ಸಿಗಬಾರದು, ಸಿಕ್ಕ ಮುಳ್ಳು ಪಟ್ಟಿಯುದ್ದಕ್ಕೂ ಗೀರು ಬಿಡುತ್ತದೆ. ತಗಡಿನ ಹಿಂದೆ ಮರದ ಹಲಗೆ, ತಗಡಿನ ಅಂಚಿಗಿಂತ 4-5 ಮಿ.ಮೀ. ಹಿಂದಕ್ಕೆ, ಓರೆಯಾಗಿ ಕೆತ್ತಿದ್ದು. ಗಾರೆಗೆ ತಗಲುವುದು ತಗಡು ಮಾತ್ರ.

ಕೋಲು 50×20 ಮಿ.ಮೀ.ನ ನೇರ ರೀಪು. ಒಂದು ತುದಿಯಲ್ಲಿ ಮೊಳೆಯ ತೂತು, ಇನ್ನೊಂದರಲ್ಲಿ ಅಚ್ಚು. ತೂತಿನ ನಡುವಿಂದ ಅಚ್ಚಿನ ಒಳ ಅಂಚಿಗೆ ಸರಿಯಾಗಿ 600. ಅಚ್ಚು ಗೋಡೆಗೆ ಲಂಬವಾಗಿರಬೇಕು, ಅದರ ಮುಖ ಕೇಂದ್ರದ ಗೆರೆಯ ಮೇಲೇ ಇರಬೇಕು. ಕೊಂಚ ತಿರುಗಿದ್ದರೂ ಪಟ್ಟಿ ಬರೆದದ್ದಕ್ಕಿಂತ ಸಣಕಲಾಗುತ್ತದೆ. ಒಂದು ಆಸರೆ ತುಂಡು ಓರೆಯಾಗಿ ಹೊಡೆದು ಗಟ್ಟಿಮಾಡಿ.

ಗೋಡೆಯ ಮೇಲೆ 600 ಮತ್ತು 750ರ ಎರಡು ಗೆರೆ ಎಳೆದು, ನಡುವಿನ ಹಳೆ ಗಾರೆ ಕಿತ್ತು, ಇಟ್ಟಿಗೆ ಸಂದುಗಳನ್ನು 10-12 ಮಿ.ಮೀ. ಆಳ ಕೆದಕಿ, ತೊಳೆದು ನೆನೆಸಿ. ಅಚ್ಚಿನ ಅಂಚಿಗೆ 6 ಮಿ.ಮೀ. ಮುಂದೆ ಬರುವಂತೆ ಇನ್ನೊಂದು ತಗಡು ತಾತ್ಕಾಲಿಕವಾಗಿ ಸೇರಿಸಿ. ಇದೇ ದಪ್ಪ ಅಚ್ಚು. ಒರಟು ಗಾರೆಯ ಒಡಲನ್ನು ಪದರಪದರವಾಗಿ, ಒಂದು ಸಲಕ್ಕೆ 10-12 ಮಿ.ಮೀ. ಮೀರದಂತೆ ಹಾಕುತ್ತಾ ಇದರಿಂದ ಎಳೆಯಿರಿ. ಪ್ರತಿ ಪದರವನ್ನೂ ಬಿಗಿಯಾಗುವ ಮುಂಚೆ ಗೀರಿ ಒರಟು ಮಾಡಿ.

ಒಡಲು ಬಿಗಿದ ಮೇಲೆ ದಪ್ಪ ಅಚ್ಚು ತೆಗೆದು ನುಣುಪು ಗಾರೆ. ಎರಡೂ ಬುಡದಿಂದ ನೆತ್ತಿಯ ಕಡೆಗೆ, ತಗಡಿನ ಮುಖ ಮುಂದಾಗಿ ಎಳೆಯಿರಿ. ಮೇಲಿಂದ ಕೆಳಗೆ ಎಳೆದರೆ ಬದಿಯ ಗಾರೆ ಜಾರುತ್ತದೆ. ಪ್ರತಿ ಸುತ್ತಿಗೂ ತಗಡು ತೊಳೆಯಬೇಕು. ವಾಪಸ್ ಬರುವಾಗ ಎತ್ತಿಕೊಂಡು ಬನ್ನಿ, ಉಜ್ಜಿಕೊಂಡಲ್ಲ. ಏಳೆಂಟು ತೆಳು ಸುತ್ತು ಬೇಕಾಗುತ್ತದೆ, ಕಡೆಯ ಸುತ್ತಿಗೆ ಬರೀ ನೀರು ಚಿಮುಕಿಸಿದರೆ ಸಾಕು. ಚೂಪು ಕಮಾನಾದರೆ ಎರಡು ಕೇಂದ್ರದಿಂದ ಎರಡು ಪಾಲು ಎಳೆದು, ತುದಿಯ ಮೂಲೆಯನ್ನು ಸಣ್ಣ ಪಟ್ಟಿಗೋಲಿನಿಂದ ಕೈಯಲ್ಲೇ ಕೂಡಿಸಬೇಕು. ಬುಡದ ಅಡ್ಡಪಟ್ಟಿ, ಬೀಗದಕಲ್ಲು ಇವೆಲ್ಲ ಆಮೇಲಿನ ಕೆಲಸ. ಮೊದಲೇ ಮಾಡಿದರೆ ಕೋಲಿಗೆ ಅಡ್ಡ ಬರುತ್ತವೆ.

ಎಷ್ಟು ಗಾರೆ ಬೇಕಾಗುತ್ತೆ, ಯಾವ ಪಾಕ?

150 ಅಗಲ, 40 ಉಬ್ಬು. ಉಬ್ಬುತಗ್ಗು ಕಳೆದರೆ ತುಂಬುವುದು ಅದರ ನೂರಕ್ಕೆ 60 ಪಾಲು ಎಂದು ಹಿಡಿಯಿರಿ. ಪಟ್ಟಿಯ ನಡುಗೆರೆಯ ಉದ್ದ 2.12 ಮೀ. ಲೆಕ್ಕಕ್ಕೆ 7.6 ಲೀಟರ್, ಚೆಲ್ಲುವುದು ಸೇರಿ 10 ಲೀಟರ್ ಕಲಸಿ. ಅದರಲ್ಲಿ ಎರಡೂವರೆ ಲೀಟರ್ ನುಣುಪಿಗೆ, ಉಳಿದದ್ದು ಒಡಲಿಗೆ.

ಸುಣ್ಣದ ಕೆಲಸವಾದರೆ ಒಡಲಿಗೆ 1 ಪಾಲು ಅರಳಿದ ಸುಣ್ಣದ ಮುದ್ದೆ, 3 ಪಾಲು ಮರಳು. ಮರಳಿನಲ್ಲಿ ಸ್ವಲ್ಪವನ್ನು ಸುರ್ಕಿಗೆ (ಇಟ್ಟಿಗೆ ಪುಡಿಗೆ) ಬದಲಿಸಿದರೆ ಹಿಡಿತ ಹೆಚ್ಚು. ನುಣುಪಿಗೆ 1ಕ್ಕೆ 2, ಬಟ್ಟೆಜಾಲರಿಯಂಥ ಜರಡಿಯಲ್ಲಿ ಸೋಸಿದ ಮರಳು. ಒಂದು ಮಾತು ನೆನಪಿರಲಿ: ಸುಣ್ಣ ಮರಳಿನ ಸಂದಿಗಳಲ್ಲಿ ಕೂರುತ್ತದೆ, 3 ಬಾಂಡ್ಲಿ ಮರಳಿಗೆ 1 ಬಾಂಡ್ಲಿ ಸುಣ್ಣ ಹಾಕಿದರೆ ಸಿಗುವುದು 4 ಅಲ್ಲ, ಸುಮಾರು 3. ಸಿಮೆಂಟಾದರೆ 1ಕ್ಕೆ 4, ಏಳು ದಿನ ನೀರು. ಸುಣ್ಣಕ್ಕೆ ಬೆಲ್ಲ, ಅಳಲೆಕಾಯಿ ನೆನೆಹಾಕಿದ ನೀರು ಬೆರೆಸುವ ಪದ್ಧತಿ ನಮ್ಮಲ್ಲಿದೆ. ಅದನ್ನು ಸಿಮೆಂಟಿಗೆ ತರಬೇಡಿ, ಸಕ್ಕರೆ ಅಂಶ ಸಿಮೆಂಟು ಬಿಗಿಯುವುದನ್ನೇ ತಡೆಯುತ್ತದೆ.

ಹೊರಗಡೆಗೆ ಪಿಒಪಿ ಅಥವಾ ಥರ್ಮೋಕೋಲ್ ರೆಡಿಮೇಡ್ ಹಾಕಿಸಬಹುದಾ?

ಪಿಒಪಿ (ಜಿಪ್ಸಮ್‌ನಿಂದ ಮಾಡಿದ ಪ್ಲಾಸ್ಟರ್ ಆಫ್ ಪ್ಯಾರಿಸ್) ಹೊರಗಡೆಗೆ ಬೇಡವೇ ಬೇಡ. ಜಿಪ್ಸಮ್ ಮಳೆನೀರಿಗೆ ಮೆಲ್ಲಗೆ ಕರಗುತ್ತದೆ. ‘ಗಟ್ಟಿ ಬರಲಿ’ ಎಂದು ಅದಕ್ಕೆ ಸಿಮೆಂಟ್ ಬೆರೆಸುವುದು ಇನ್ನೂ ಕೆಡುಕು. ತೇವ ಸಿಕ್ಕಾಗ ಎರಡೂ ಸೇರಿ ಊದಿಕೊಳ್ಳುವ ಹರಳುಗಳು ಹುಟ್ಟಿ ಒಳಗಿಂದಲೇ ಸೀಳುತ್ತವೆ. ಒಳಕೋಣೆಗೆ ಪಿಒಪಿ ಸೊಗಸು.

ಲೇಪನ ಕೊಟ್ಟ ಥರ್ಮೋಕೋಲ್ ಹಗುರ, ಬೇಗ ಮುಗಿಯುತ್ತದೆ. ಕೈಗೆಟುಕದ ಎತ್ತರಕ್ಕೆ ಸರಿ. ಕೈ, ಸೈಕಲ್, ಕೋತಿ ತಾಗುವ ಎತ್ತರದಲ್ಲಿ ಲೇಪನ ಒಡೆದು ಬಿಳಿ ಕಾಳು ಉದುರುತ್ತದೆ. ನೇರ ತುಂಡುಗಳನ್ನು ಚೂರುಚೂರು ಕತ್ತರಿಸಿ ಬಾಗಿಸಲು ಹೊರಟವರಿಗೆ ಕೆಲಸ ಕೊಡಬೇಡಿ. ನಿಮ್ಮ ತ್ರಿಜ್ಯ ಬರೆದುಕೊಟ್ಟು ಬಾಗಿದ ಆಕಾರದಲ್ಲೇ ಕತ್ತರಿಸಿ ತರಿಸಿಕೊಳ್ಳಿ, ಕೂಡುಗೆರೆಗಳಿಗೆ ಜಾಲರಿ ಪಟ್ಟಿ ಹಾಕಿಸಿ.

## ಹಾಳಾದಾಗ

ಪಟ್ಟಿ ಬಿರುಕು ಬಿಟ್ಟಿದೆ. ಪುಟ್ಟಿ ತುಂಬಿ ಬಣ್ಣ ಹೊಡೆದ್ರೆ ಸಾಕಾ?

ಬಿರುಕು ಎಲ್ಲಿ ಅನ್ನುವುದರ ಮೇಲೆ ಹೋಗುತ್ತದೆ. ಪಟ್ಟಿಗೆ ಅಡ್ಡಲಾಗಿ ಅಲ್ಲಲ್ಲಿ ಕೂದಲೆಳೆಯಂಥವು ಇದ್ದರೆ ಪಾಕದಲ್ಲಿ ಸಿಮೆಂಟ್ ಜಾಸ್ತಿ ಅಥವಾ ಬೇಗ ಒಣಗಿದೆ, ತುಂಬಿದರೆ ಸಾಕು. ಮೇಲಂಚಿನಲ್ಲಿ ಪಟ್ಟಿಗೂ ಗೋಡೆಗೂ ನಡುವೆ ಬಿಟ್ಟಿದ್ದರೆ ನೀರು ಇಳಿಯುತ್ತಿದೆ ಎಂದರ್ಥ. ಕೀಲಿಕೈಯಿಂದ ಮೆಲ್ಲಗೆ ತಟ್ಟಿ. ಟೊಳ್ಳು ಸದ್ದು ಬಂದ ಭಾಗ ಕಿತ್ತು ಮತ್ತೆ ಕಟ್ಟಬೇಕು.

ನೆತ್ತಿಯ ಹತ್ತಿರ ಪಟ್ಟಿಯನ್ನೂ ದಾಟಿ ಗೋಡೆಯೊಳಗೆ ಏರಿದ ಬಿರುಕು ಪಟ್ಟಿಯದಲ್ಲ, ಕಮಾನಿನದು. ಬುಡಗಳು ದೂರ ಸರಿಯುತ್ತಿರಬಹುದು, ಪಾಯ ಕುಸಿಯುತ್ತಿರಬಹುದು. ಬಿರುಕಿನ ಮೇಲೆ ಅಡ್ಡ ಒಂದು ತೆಳು ಪಿಒಪಿ ಬಿಲ್ಲೆ ಅಂಟಿಸಿ ತಾರೀಕು ಬರೆಯಿರಿ. ಬಿಲ್ಲೆ ಸೀಳಿದರೆ ಚಲನೆ ನಿಂತಿಲ್ಲ. ಪುಟ್ಟಿ ಡಬ್ಬ ಪಕ್ಕಕ್ಕಿಟ್ಟು ಸ್ಟ್ರಕ್ಚರಲ್ ಇಂಜಿನಿಯರ್‌ರನ್ನು ಕರೆಸಿ.

ಹೊಸ ಸುಣ್ಣದ ಪಟ್ಟಿ ಮೇಲೆ ತಿಂಗಳಾದ್ಮೇಲೆ ಸಣ್ಣ ಸಣ್ಣ ಕುಳಿ ಬಿದ್ದಿವೆ. ಯಾಕೆ?

ಸುಣ್ಣ ಪೂರ್ತಿ ಅರಳಿರಲಿಲ್ಲ. ಉಳಿದ ಹರಳು ಗೋಡೆಯ ಮೇಲೆ ನಿಧಾನವಾಗಿ ತೇವ ಕುಡಿದು, ಉಬ್ಬಿ, ಮೇಲಿನ ಗಾರೆಯನ್ನು ಚಿಮ್ಮಿಸುತ್ತದೆ. ಕುಳಿಯ ತಳದಲ್ಲಿ ಬಿಳಿ ಚುಕ್ಕೆ ಕಂಡರೆ ಅದೇ ಅಪರಾಧಿ. ಎಲ್ಲ ಸಿಡಿದು ಮುಗಿಯುವವರೆಗೆ ಕಾದು ತುಂಬಿ. ಮುಂದಿನ ಸಲ ಸುಣ್ಣವನ್ನು ಕೆಲವು ವಾರ ನೀರಿನಲ್ಲಿ ನೆನೆಬಿಟ್ಟು, ಜರಡಿ ಹಿಡಿದೇ ಬಳಸಿ.

ಪಟ್ಟಿ ಚೆನ್ನಾಗಿದೆ, ಆದ್ರೆ ಎರಡು ಬುಡದ ಕೆಳಗೆ ಮಾತ್ರ ಕಪ್ಪು ಕಪ್ಪು ಕಲೆ.

ಪಟ್ಟಿ ತನ್ನ ಕೆಲಸ ಮಾಡುತ್ತಿದೆ. ನೆತ್ತಿಗೆ ಬಿದ್ದ ನೀರನ್ನೆಲ್ಲ ಎರಡು ಬುಡಕ್ಕೆ ತಂದು ಸುರಿಯುತ್ತಿದೆ. ಅದಕ್ಕೇ ಹಳೆಯ ಚರ್ಚುಗಳಲ್ಲಿ ಹುಡ್ ಮೋಲ್ಡಿನ ತುದಿಯನ್ನು ಪಕ್ಕಕ್ಕೆ ಚಾಚಿಯೋ ಅಲ್ಲೊಂದು ತಲೆ ಕೆತ್ತಿಯೋ ನೀರು ಗೋಡೆಗೆ ತಾಗದಂತೆ ಹನಿಸಿದ್ದು. ನೀವೂ ಪಟ್ಟಿಯ ತುದಿಯನ್ನು ಹೊರಕ್ಕೆ 75-100 ಮಿ.ಮೀ. ಅಡ್ಡ ತಿರುಗಿಸಿ, ಅದರ ತಳದಲ್ಲಿ ಮುಂದಿನ ಅಂಚಿನ ಹತ್ತಿರ 10 ಮಿ.ಮೀ. ಅಗಲದ ನೀರುಗೆರೆ ಕೊರೆಸಿ. ಮೇಲ್ಮೈ ಮುಂದಕ್ಕೆ ಇಳಿಜಾರಿರಲಿ, ಮುಖ್ಯವಾಗಿ ನೆತ್ತಿಯಲ್ಲಿ. ನೀರು ನಿಲ್ಲುವುದು ಅಲ್ಲೇ.

ಅಜ್ಜನ ಕಾಲದ ಸುಣ್ಣದ ಪಟ್ಟಿ ಅರ್ಧ ಬಿದ್ದಿದೆ. ಸಿಮೆಂಟಲ್ಲಿ ತೇಪೆ ಹಾಕ್ಲಾ?

ಬೇಡ. ಹಳೆಯ ಸುಣ್ಣದ ಗೋಡೆ ತೇವವನ್ನು ಹೊರಕ್ಕೆ ಬಿಟ್ಟುಕೊಂಡು ಬದುಕುತ್ತದೆ. ಸಿಮೆಂಟ್ ತೇಪೆ ಆ ದಾರಿ ಮುಚ್ಚಿದಾಗ ತೇವ, ಉಪ್ಪು ಎರಡೂ ತೇಪೆಯ ಅಂಚಿನ ಸುಣ್ಣದಲ್ಲಿ ಸೇರಿ ಅದನ್ನು ಪುಡಿ ಮಾಡುತ್ತವೆ. ಕೆಲವು ಮಳೆಗಾಲದಲ್ಲಿ ಉಳಿಯುವುದು ತೇಪೆ, ಹೋಗುವುದು ಅಜ್ಜನ ಪಟ್ಟಿ.

ಸುಣ್ಣದಲ್ಲೇ ಮಾಡಿಸಿ. ಉಳಿದಿರುವ ಪಟ್ಟಿಯ ಮುರಿದ ತುದಿಗೆ ರಟ್ಟು ಹಿಡಿದು ಅಡ್ಡಕೊಯ್ತ ಬರೆದುಕೊಂಡು ಅಚ್ಚು ಮಾಡಬಹುದು. ಬರೆಯುವ ಮುಂಚೆ ಬಣ್ಣದ ಪದರ ಬಿಡಿಸಲೇಬೇಕು. ವರ್ಷವರ್ಷ ಹಬ್ಬಕ್ಕೆ ಹೊಡೆದ ಸುಣ್ಣ ಸೇರಿ ಚೂಪಾದ ಅಂಚೆಲ್ಲ ದುಂಡಗಾಗಿರುತ್ತದೆ. ಅದನ್ನೇ ಅಚ್ಚಿಗೆ ಇಳಿಸಿದರೆ ಹೊಸ ಪಟ್ಟಿ ಕರಗಿದ ಸಾಬೂನಿನ ಹಾಗಿರುತ್ತದೆ. ಒಂದು ಗೇಣು ಜಾಗವನ್ನು ಒದ್ದೆ ಬಟ್ಟೆಯಿಂದ ನೆನೆಸಿ, ಬಿದಿರಿನ ಚಪ್ಪಟೆ ಕಡ್ಡಿಯಿಂದ ಪದರ ಎಬ್ಬಿಸಿ. ಗ್ರೈಂಡರ್, ಕಬ್ಬಿಣದ ಬ್ರಷ್ ಎರಡೂ ಹತ್ತಿರ ಬರಬಾರದು. ಹೊಸದು ಹಳೆಯದನ್ನು ಕೂಡುವ ಕಡೆ ಮುರಿದ ತುದಿಯನ್ನು ಒಳಕ್ಕೆ ಓರೆಯಾಗಿ ಕತ್ತರಿಸಿ, ಹಿಂದಿನ ರಾತ್ರಿಯಿಂದ ನೆನೆಸಿಡಿ. ಒಣಗಿದ ಹಳೆ ಸುಣ್ಣ ಹೊಸ ಗಾರೆಯ ನೀರನ್ನು ಹೀರಿಕೊಂಡರೆ ಅಲ್ಲಿಂದಲೇ ಬಿಡುತ್ತದೆ. ಕೆಲಸ ಮುಗಿದ ಮೇಲೆ ಹತ್ತು ದಿನವಾದರೂ ಒದ್ದೆ ಗೋಣಿಚೀಲ ಇಳಿಬಿಡಿ, ಪಟ್ಟಿಗೆ ತಾಗದಂತೆ ಒಂದು ಗೇಣು ದೂರಕ್ಕೆ.